ಹೊಟ್ಟೆಯ ಕೊಬ್ಬಿನಲ್ಲಿ ಜಗಳ ಬಿಡಿಸೋರು

ನನಗೆ ಕ್ರೋನ್ಸ್ ಕಾಯಿಲೆ ಇದೆ. ಇದನ್ನ ಇಷ್ಟು ನೇರವಾಗಿ ಬರೆಯೋಕೆ ನಾಲ್ಕು ವರ್ಷ ಬೇಕಾಯ್ತು. ಆಫೀಸಲ್ಲಿ ಕೇಳಿದವರಿಗೆಲ್ಲ ‘ಗ್ಯಾಸ್ಟ್ರಿಕ್’ ಅಂತ ಹೇಳಿ ಮುಗಿಸ್ತಿದ್ದೆ. ಕರುಳಿನ ಉರಿಯೂತ ಗುದದ್ವಾರದ ಪಕ್ಕದ ಚರ್ಮದವರೆಗೆ ಸುರಂಗ ಕೊರೆದು ಕೀವು ಸೋರತೊಡಗಿದಾಗ, ಮನೆಯಲ್ಲಿ ಮೂಲವ್ಯಾಧಿ ಅಂದ್ಕೊಂಡರು. ಅಲ್ಲ, ಅದು ಫಿಸ್ಟುಲಾ. ಭಗಂದರ ಅಂತಾರಲ್ಲ, ಅದು. ಮೀಟಿಂಗ್ ಮುಗಿಸಿ ಎದ್ದ ಕೂಡಲೇ ಕುರ್ಚಿ ನೋಡ್ಕೊಳ್ಳೋ ಅಭ್ಯಾಸ ನನಗೆ ಬಂದದ್ದು ಹಾಗೆ.

ಕಳೆದ ವರ್ಷ ಸೋದರಮಾವ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಕಳಿಸಿದರು. ನಿಮ್ಮದೇ ಹೊಟ್ಟೆಯ ಕೊಬ್ಬು ತೆಗೆದು, ಅದರಿಂದ ಸ್ಟೆಮ್ ಸೆಲ್ ಬೇರ್ಪಡಿಸಿ ವಾಪಸ್ ಚುಚ್ಚಿದರೆ ಕರುಳಿನ ಕಾಯಿಲೆಯಿಂದ ಮಂಡಿನೋವಿನವರೆಗೆ ಎಲ್ಲ ವಾಸಿಯಂತೆ. ಫೋನ್ ಮಾಡಿದೆ. ನಾಲ್ಕು ಲಕ್ಷ, ಈ ವಾರವೇ ಬುಕ್ ಮಾಡಿದರೆ ರಿಯಾಯಿತಿ! “ದುಡ್ಡಿನ ಯೋಚನೆ ಬಿಡೋ, ಚೀಟಿ ಎತ್ತಿದ್ರಾಯ್ತು” ಅಂದರು ಅಮ್ಮ. ಅಮ್ಮನ ಚೀಟಿ ದುಡ್ಡು ಅಂದಮೇಲೆ ನಾನು ಓದೋಕೆ ಕೂತೆ.

ಕೊಬ್ಬಿನಲ್ಲಿ ಇಂಥ ಕೋಶಗಳಿರೋದು ನಿಜ. ಲೈಪೊಸಕ್ಷನ್ ಮಾಡಿ ಬಿಸಾಡುವ ಕೊಬ್ಬಿನಿಂದ ಇವನ್ನು ಬೇರ್ಪಡಿಸಬಹುದು ಅಂತ 2001ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪೆಟ್ರಿಶಿಯಾ ಝುಕ್ ಮತ್ತು ಸಂಗಡಿಗರು ತೋರಿಸಿದರು. ಲ್ಯಾಬ್‌ನಲ್ಲಿ ಅವು ಮೂಳೆಯ, ಮೃದ್ವಸ್ಥಿಯ ಕೋಶಗಳಾಗಿ ಬದಲಾದವು. ಹಾಗಾಗಿ ಸ್ಟೆಮ್ ಸೆಲ್ ಅಂದ್ರೆ ಹಾಳಾದ ಜಾಗಕ್ಕೆ ಹೊಸ ಸ್ಪೇರ್ ಪಾರ್ಟ್ ಅಂತ ನಾನೂ ನಂಬಿದ್ದೆ. ಆದರೆ ಚುಚ್ಚಿದ ಕೋಶಗಳು ನಮ್ಮ ಮೈಯಲ್ಲಿ ಬಹುಕಾಲ ಉಳಿಯೋದೇ ಇಲ್ಲ. ಇರುವಷ್ಟು ಹೊತ್ತು ಅವು ಮಾಡೋ ಮುಖ್ಯ ಕೆಲಸ ಜಗಳ ಬಿಡಿಸೋದು.

ಕ್ರೋನ್ಸ್‌ನಲ್ಲಿ ನಮ್ಮ ರೋಗನಿರೋಧಕ ವ್ಯವಸ್ಥೆಯೇ ನಮ್ಮ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ರೇಗಿದ ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತವನ್ನು ಹೊರಬಿಡುತ್ತವೆ. ಅದು ತಲುಪಿದಾಗ ಸ್ಟೆಮ್ ಸೆಲ್‌ಗಳು ಐಡಿಒ ಎಂಬ ಕಿಣ್ವ ತಯಾರಿಸುತ್ತವೆ. ಈ ಕಿಣ್ವ ಸುತ್ತಲಿನ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು ಒಡೆದುಹಾಕುತ್ತದೆ. ಅದು ಸಿಗದಿದ್ದರೆ ಟಿ ಕೋಶಗಳು ಸಲೀಸಾಗಿ ಹೆಚ್ಚಲಾರವು. ಜೊತೆಗೆ ಪ್ರೊಸ್ಟಗ್ಲಾಂಡಿನ್ ಇ2 ಎಂಬ ಇನ್ನೊಂದು ರಾಸಾಯನಿಕ ಬಿಡುಗಡೆಯಾಗಿ, ದಾಳಿಗಿಳಿದ ಮ್ಯಾಕ್ರೊಫೇಜ್ ಕೋಶಗಳು ರಿಪೇರಿ ಕೆಲಸದ ಕಡೆ ವಾಲುತ್ತವೆ. ‘ಸಾಕು, ನಿಲ್ಸಿ’ ಅನ್ನೋ ನಿಯಂತ್ರಕ ಟಿ ಕೋಶಗಳೂ ಹೆಚ್ಚುತ್ತವೆ.

ಮದುವೆಮನೆಯಲ್ಲಿ ಬೀಗರು ಕೂಗಾಡೋಕೆ ಶುರು ಮಾಡಿದಾಗ ಎದ್ದುಬರೋ ಹಿರಿಯರೊಬ್ಬರು ಇರ್ತಾರಲ್ಲ, ಹಾಗೆ. ದನಿ ಏರುವವರೆಗೆ ಅವರು ಮೂಲೆಯಲ್ಲಿ ಎಲೆಅಡಿಕೆ ಹಾಕ್ಕೊಂಡು ಕೂತಿರ್ತಾರೆ. ಈ ಕೋಶಗಳೂ ಅಷ್ಟೇ, ಉರಿಯೂತದ ಕರೆ ಬಂದರೆ ಮಾತ್ರ ಪೂರ್ತಿ ಕೆಲಸಕ್ಕೆ ಇಳಿಯುತ್ತವೆ.

ಇದನ್ನೇ ನಂಬಿ ನನ್ನಂಥವರಿಗಾಗಿಯೇ ಒಂದು ಔಷಧಿ ಬಂತು. ಹೆಸರು ಅಲೊಫಿಸೆಲ್. ಆರೋಗ್ಯವಂತ ದಾನಿಯ ಕೊಬ್ಬಿನಿಂದ ಬೆಳೆಸಿದ 12 ಕೋಟಿ ಕೋಶಗಳನ್ನು ಫಿಸ್ಟುಲಾ ಸುತ್ತ ಚುಚ್ಚೋದು. 212 ರೋಗಿಗಳ ಪರೀಕ್ಷೆಯಲ್ಲಿ, 24 ವಾರಗಳ ನಂತರ, ಔಷಧಿ ಪಡೆದವರಲ್ಲಿ ಶೇ. 50ರಷ್ಟು ಮಂದಿಗೆ ಗುಣ ಕಂಡಿತು. ಹುಸಿ ಇಂಜೆಕ್ಷನ್ ಪಡೆದವರಲ್ಲಿ ಶೇ. 34. 2018ರಲ್ಲಿ ಯುರೋಪ್ ಅನುಮತಿ ಕೊಟ್ಟಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಖುಷಿಗೆ!

ಮರುದಿನ ಮುಂದಿನದ್ದು ಓದಿದೆ. 568 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ಔಷಧಿ ಪಡೆದವರಲ್ಲಿ ಶೇ. 48.8, ಹುಸಿ ಇಂಜೆಕ್ಷನ್‌ನವರಲ್ಲಿ ಶೇ. 46.3. ಸುರಂಗವನ್ನು ಕೆರೆದು ಶುಚಿ ಮಾಡಿ ಒಳಬಾಯಿ ಹೊಲಿಯುವ ಕೆಲಸ ಎರಡೂ ಗುಂಪಿಗೆ ಆಗಿತ್ತು. ಅದರ ಮೇಲೆ ಕೋಶಗಳು ಹೆಚ್ಚಿನದೇನೂ ಮಾಡಿದ್ದು ಕಾಣಲಿಲ್ಲ. 2024ರ ಡಿಸೆಂಬರ್‌ನಲ್ಲಿ ಯುರೋಪ್ ಮಾರುಕಟ್ಟೆಯಿಂದ ಔಷಧಿ ವಾಪಸಾಯ್ತು.

ಹಾಗಂತ ವಿಜ್ಞಾನ ಸುಳ್ಳಲ್ಲ. ಲ್ಯಾಬ್‌ನ ತಟ್ಟೆಯಲ್ಲಿ ಟಿ ಕೋಶಗಳು ತಣ್ಣಗಾಗೋದು ನಿಜವೇ. ತಟ್ಟೆಯಿಂದ ಮನುಷ್ಯರ ಮೈವರೆಗಿನ ದಾರಿ ದೂರ. ಆ ದಾರಿ ಮುಗಿಯೋ ಮೊದಲೇ ಬಿಲ್ ಹಾಕೋರಿದ್ದಾರೆ. 2015ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ, ದೃಷ್ಟಿ ಮಂಜಾಗಿದ್ದ ಮೂವರು ಹೆಂಗಸರು ದುಡ್ಡು ಕೊಟ್ಟು ತಮ್ಮ ಹೊಟ್ಟೆಯ ಕೊಬ್ಬಿನ ಕೋಶಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡು, ಇದ್ದ ದೃಷ್ಟಿಯನ್ನೂ ಬಹುಪಾಲು ಕಳ್ಕೊಂಡರು.

ನಮ್ಮಲ್ಲೂ ನಿಯಮವಿದೆ. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಪ್ರಕಾರ, ಇಂಥ ಸಾಬೀತಾಗದ ಸ್ಟೆಮ್ ಸೆಲ್ ಪ್ರಯೋಗ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ನಡೀಬೇಕು. ಮತ್ತೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿದೆ. “ಸಿಟಿಆರ್‌ಐ ನೋಂದಣಿ ಸಂಖ್ಯೆ ಎಷ್ಟು? ಟ್ರಯಲ್ ಆದ್ರೆ ನನ್ನ ಹತ್ರ ಯಾಕೆ ದುಡ್ಡು ತಗೋತೀರಿ?” ಆ ಕಡೆಯಿಂದ “ಡಾಕ್ಟ್ರು ಕಾಲ್ ಬ್ಯಾಕ್ ಮಾಡ್ತಾರೆ ಸರ್” ಅಂದರು. ಇನ್ನೂ ಮಾಡಿಲ್ಲ.

ನಿಮ್ಮ ಮನೆಯ ಗ್ರೂಪಿಗೂ ಇಂಥ ವಿಡಿಯೊ ಬಂದರೆ ಈ ಎರಡು ಪ್ರಶ್ನೆ ಕೇಳಿ.

ಅಮ್ಮನಿಗೆ ಹೇಳೋದೇ ಕಷ್ಟವಾಯ್ತು. ಸುಮ್ಮನೆ ಕೇಳಿಸಿಕೊಂಡು, “ಹಾಗಾದ್ರೆ ಈಗಿನ ಔಷಧಿ ತಪ್ಪಿಸ್ಬೇಡ” ಅಂದರು. ತಪ್ಪಿಸಿಲ್ಲ. ಇಂಜೆಕ್ಷನ್ ನಡೀತಿದೆ, ಕೀವು ಕಟ್ಟದಂತೆ ಸರ್ಜನ್ ಹಾಕಿದ ದಾರವೂ ಇದೆ. ಕಳೆದ ತಿಂಗಳು ಟೀಮ್ ಲೀಡ್‌ಗೆ ಕಾಯಿಲೆಯ ನಿಜವಾದ ಹೆಸರು ಹೇಳಿದೆ. ಈಗ ಉದ್ದದ ಮೀಟಿಂಗ್‌ಗಳಲ್ಲಿ ನಾನು ನಿಂತ್ಕೊಂಡೇ ಮಾತಾಡ್ತೀನಿ. ಯಾಕೆ ಅಂತ ಯಾರೂ ಕೇಳಲ್ಲ.