ಆ್ಯಪ್‌ನಲ್ಲಿ ಮಾತ್ರೆ, ತಪಾಸಣೆ ಎಲ್ಲಿ?

ಊರಿನ ಮೆಡಿಕಲ್ ಶಾಪ್‌ಗೆ ಔಷಧ ಪರಿವೀಕ್ಷಕರು ಬಂದರೆ ಅವರು ನೋಡಬೇಕಾದ್ದೆಲ್ಲ ಕಣ್ಣೆದುರೇ ಇರುತ್ತದೆ. ಗೋಡೆಯ ಮೇಲೆ ಲೈಸೆನ್ಸ್, ಕೌಂಟರಿನ ಹಿಂದೆ ಫಾರ್ಮಾಸಿಸ್ಟ್, ಫ್ರಿಜ್‌ನಲ್ಲಿ ಇನ್ಸುಲಿನ್, ಮೇಜಿನ ಮೇಲೆ ಶೆಡ್ಯೂಲ್ ಎಚ್1 ರಿಜಿಸ್ಟರು. ಅನುಮಾನ ಬಂದರೆ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರವನ್ನೂ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಅವರಿಗೆ ಕೊಟ್ಟಿದೆ. ಅಂಗಡಿ ಎಂದರೆ ಅದಕ್ಕೊಂದು ಬಾಗಿಲು ಇದ್ದೇ ಇರುತ್ತದೆ ಎಂದುಕೊಂಡು ಬರೆದ ಕಾನೂನು ಅದು. ಮೊಬೈಲಿನಲ್ಲಿ ಮಾತ್ರೆ ಮಾರುವವರ ಬಾಗಿಲು ಯಾವುದು?

ಇದಕ್ಕೆ ಉತ್ತರ ಕೊಡುವ ಪ್ರಯತ್ನ ನಡೆದದ್ದು 2018ರ ಆಗಸ್ಟ್‌ನಲ್ಲಿ. ಕೇಂದ್ರ ಆರೋಗ್ಯ ಸಚಿವಾಲಯ ಇ-ಫಾರ್ಮಸಿಗಳಿಗಾಗಿ ಕರಡು ನಿಯಮ ಪ್ರಕಟಿಸಿತು. ಕೇಂದ್ರದ ಪ್ರಾಧಿಕಾರದಲ್ಲಿ ನೋಂದಣಿ, ಎರಡು ವರ್ಷಕ್ಕೊಮ್ಮೆ ತಪಾಸಣೆ, ರೋಗಿಯ ಮಾಹಿತಿ ದೇಶದೊಳಗೇ ಇರಬೇಕೆಂಬ ಷರತ್ತು, ಮಾದಕ ಮತ್ತು ಮನೋವಿಕಾರಕ ಔಷಧಗಳ ಮಾರಾಟಕ್ಕೆ ನಿಷೇಧ – ಕಾಗದದ ಮೇಲೆ ಏನೂ ಕಡಿಮೆ ಇರಲಿಲ್ಲ. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, ಲೈಸೆನ್ಸ್ ಇಲ್ಲದ ಆನ್‌ಲೈನ್ ಔಷಧ ಮಾರಾಟವನ್ನು ತಡೆಯಿತು. ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠವೂ ತಡೆಯಿತು. ವಿಭಾಗೀಯ ಪೀಠ ಆ ಆದೇಶಕ್ಕೇ ತಡೆ ಕೊಟ್ಟಿತು. 2023ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, ನೀತಿ ರೂಪಿಸಲು ಕೇಂದ್ರಕ್ಕೆ ಎಂಟು ವಾರಗಳ ‘ಕೊನೆಯ ಅವಕಾಶ’ ನೀಡಿತು. ಆ ಎಂಟು ವಾರ ಮುಗಿದ ಮೇಲೂ ಕರಡು ಕರಡಾಗಿಯೇ ಇತ್ತು.

ಈ ನಡುವೆ ಹೊಣೆ ಯಾರದ್ದು ಎಂಬುದಕ್ಕೆ ಕರ್ನಾಟಕದ್ದೇ ಒಂದು ಪ್ರಕರಣವಿದೆ. ಸ್ನ್ಯಾಪ್‌ಡೀಲ್ ತಾಣದ ಮೂಲಕ ಸುಹಾಗ್ರಾ ಎಂಬ ಸಿಲ್ಡೆನಾಫಿಲ್ ಮಾತ್ರೆ ಮಾರಾಟವಾದದ್ದನ್ನು ಹಿಡಿದು ನಮ್ಮ ಔಷಧ ಪರಿವೀಕ್ಷಕರು ಕಂಪನಿ ಮತ್ತು ಅದರ ನಿರ್ದೇಶಕರ ಮೇಲೆ ದೂರು ಹೂಡಿದ್ದರು. ವೈದ್ಯರ ಚೀಟಿ ಇಲ್ಲದೆ ಕೊಡಬಾರದ ಮಾತ್ರೆ ಅದು. 2021ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ಪ್ರಕರಣವನ್ನು ರದ್ದುಮಾಡಿತು. ತಾಣ ಕೇವಲ ಮಧ್ಯವರ್ತಿ, ಅಲ್ಲಿ ಕೂತು ಮಾರಿದವರ ತಪ್ಪಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅದು ಹೊಣೆಯಲ್ಲ ಎಂಬುದು ತೀರ್ಪಿನ ಸಾರ. ಇದ್ದ ಕಾನೂನಿನ ಮಟ್ಟಿಗೆ ಅದು ಸರಿಯೇ ಇರಬಹುದು. ಆದರೆ ಸೀರೆಗೂ ಸಿಲ್ಡೆನಾಫಿಲ್‌ಗೂ ಒಂದೇ ರಕ್ಷಣೆ ಸಿಗುವ ವ್ಯವಸ್ಥೆಯಲ್ಲಿ ಏನೋ ತಪ್ಪಿದೆ ಎನ್ನಲು ವಕೀಲರೇ ಆಗಬೇಕಿಲ್ಲ.

ಎಲ್ಲಕ್ಕಿಂತ ದೊಡ್ಡ ತೂತು ಇರುವುದು ಚೀಟಿಯಲ್ಲಿ. 1945ರ ಔಷಧ ನಿಯಮಗಳ 65ನೇ ನಿಯಮದಂತೆ, ಔಷಧ ಕೊಟ್ಟ ಅಂಗಡಿಯವರು ತಮ್ಮ ಹೆಸರು, ವಿಳಾಸ ಮತ್ತು ದಿನಾಂಕವನ್ನು ಆ ಚೀಟಿಯ ಮೇಲೇ, ವೈದ್ಯರ ಸಹಿಯ ಮೇಲ್ಭಾಗದಲ್ಲಿ ಬರೆಯಬೇಕು. ಅದೇ ಚೀಟಿ ಹಿಡಿದು ಇನ್ನೊಂದು ಅಂಗಡಿಗೆ ಹೋದರೆ ಅಲ್ಲಿನವರಿಗೆ ಗೊತ್ತಾಗಲಿ ಎಂದು. ಮೊಬೈಲಿನಲ್ಲಿ ತೆಗೆದ ಚೀಟಿಯ ಫೋಟೊ ಮೇಲೆ ಯಾರು ಮೊಹರು ಹಾಕುತ್ತಾರೆ? ಒಂದೇ ಫೋಟೊವನ್ನು ಒಂದೇ ರಾತ್ರಿ ನಾಲ್ಕು ಆ್ಯಪ್‌ಗಳಿಗೆ ಹಾಕಿ ನಿದ್ದೆ ಮಾತ್ರೆ ತರಿಸಿಕೊಂಡರೆ, ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿಯುವ ದಾರಿಯೇ ಇಲ್ಲ.

ಹಾಗೆಂದು ಬೀದಿಬದಿಯ ಅಂಗಡಿಗಳೆಲ್ಲ ನಿಯಮದ ಮೂರ್ತಿಗಳೇನಲ್ಲ. ಚೀಟಿ ಕೇಳದೆ ಆ್ಯಂಟಿಬಯಾಟಿಕ್ ಕೊಡುವ ಕೌಂಟರು ಯಾವ ಊರಲ್ಲಿಲ್ಲ? ಔಷಧ ವ್ಯಾಪಾರಿಗಳ ಅಖಿಲ ಭಾರತ ಸಂಘಟನೆ ಆನ್‌ಲೈನ್ ಮಾರಾಟದ ವಿರುದ್ಧ 2015ರಿಂದ ಹಲವು ಸಲ ಬಂದ್ ನಡೆಸಿದೆ. ರೋಗಿಯ ಸುರಕ್ಷತೆಯ ಮಾತಿನ ಜೊತೆಗೆ ರಿಯಾಯಿತಿ ದರದ ಹೊಡೆತವೂ ಆ ಸಿಟ್ಟಿನಲ್ಲಿದೆ. ಹಾಸಿಗೆ ಹಿಡಿದ ಅಜ್ಜನಿಗೆ ತಿಂಗಳ ಬಿಪಿ ಮಾತ್ರೆ ಮನೆಬಾಗಿಲಿಗೆ ಬರುವುದು ಸಣ್ಣ ಉಪಕಾರವಲ್ಲ. ಕೋವಿಡ್ ಲಾಕ್‌ಡೌನ್ ಶುರುವಾದಾಗ, 2020ರ ಮಾರ್ಚ್‌ನಲ್ಲಿ ಸರ್ಕಾರವೇ ಷರತ್ತು ಹಾಕಿ ಮನೆಗೆ ಔಷಧ ತಲುಪಿಸಲು ಒಪ್ಪಿತ್ತು. 2023ರ ಫೆಬ್ರುವರಿಯಲ್ಲಿ ದೇಶದ ಔಷಧ ಮಹಾನಿಯಂತ್ರಕರು ಟಾಟಾ 1ಎಂಜಿ, ಅಮೆಜಾನ್ ಸೇರಿದಂತೆ ಆನ್‌ಲೈನ್ ಮಾರಾಟಗಾರರಿಗೆ ಕಾರಣ ಕೇಳಿ ನೋಟಿಸ್ ಕೊಟ್ಟರು. ವ್ಯಾಪಾರ ಮಾತ್ರ ನಿಲ್ಲಲಿಲ್ಲ.

ಬೇರೆಡೆ ಪಾಠ ಕಲಿತದ್ದು ಪೆಟ್ಟು ತಿಂದ ಮೇಲೆಯೇ. ಅಮೆರಿಕದಲ್ಲಿ ಆನ್‌ಲೈನಿನಲ್ಲಿ ತರಿಸಿದ ನೋವುನಿವಾರಕ ನುಂಗಿ 18 ವರ್ಷದ ಹುಡುಗನೊಬ್ಬ 2001ರಲ್ಲಿ ಸತ್ತ. ಅವನ ಹೆಸರಿನ ರಯಾನ್ ಹೈಟ್ ಕಾಯ್ದೆ ಬಂದದ್ದು 2008ರಲ್ಲಿ; ವೈದ್ಯರು ಒಮ್ಮೆಯಾದರೂ ರೋಗಿಯನ್ನು ಎದುರಿಗೆ ಕೂರಿಸಿ ನೋಡದೆ ಅಂಥ ನಿಯಂತ್ರಿತ ಔಷಧ ಕೊಡುವಂತಿಲ್ಲ ಎಂದು ಅದು ಹೇಳಿತು. ಯುರೋಪಿನ ಒಕ್ಕೂಟದಲ್ಲಿ 2015ರಿಂದ ಅಧಿಕೃತ ಮಾರಾಟಗಾರರ ಪುಟದಲ್ಲಿ ಒಂದೇ ಬಗೆಯ ಲಾಂಛನ ಇರಬೇಕು. ಒತ್ತಿದರೆ ಸರ್ಕಾರದ ಪಟ್ಟಿ ತೆರೆದುಕೊಳ್ಳುತ್ತದೆ. ಬ್ರಿಟನ್ನಿನ ಫಾರ್ಮಸಿ ಕೌನ್ಸಿಲ್, ಆನ್‌ಲೈನ್ ಅಂಗಡಿಗಳೂ ಸೇರಿ ತನ್ನ ತಪಾಸಣಾ ವರದಿಗಳನ್ನು ಯಾರು ಬೇಕಾದರೂ ಓದುವಂತೆ ಪ್ರಕಟಿಸುತ್ತದೆ. ನಮ್ಮಲ್ಲಿ ಈ ಕೊನೆಯದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ, ಮನಸ್ಸು ಸಾಕು.

ಅಲ್ಲಿಯವರೆಗೆ ತಪಾಸಣೆಯ ಒಂದು ಪಾಲು ಕೊಳ್ಳುವವರ ಕೈಯಲ್ಲೇ ಇದೆ. ಪೊಟ್ಟಣ ಒಡೆದ ಕೂಡಲೇ ಬಿಲ್ ನೋಡಿ: ಮಾರಿದ ಅಂಗಡಿಯ ಹೆಸರು, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇರಬೇಕು, ಬ್ಯಾಚ್ ನಂಬರ್ ಸ್ಟ್ರಿಪ್ ಮೇಲಿನದಕ್ಕೆ ತಾಳೆಯಾಗಬೇಕು. 2023ರ ಆಗಸ್ಟ್‌ನಿಂದ 300 ಪ್ರಮುಖ ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ, ಅದನ್ನೂ ಸ್ಕ್ಯಾನ್ ಮಾಡಿ. ಇನ್ಸುಲಿನ್ ಬೆಚ್ಚಗೆ ಬಂದಿದ್ದರೆ ಹಿಂದಕ್ಕೆ ಕಳಿಸಿ. ಯಾವುದೊಂದು ತಾಳೆಯಾಗದಿದ್ದರೂ ಮಾತ್ರೆ ನುಂಗಬೇಡಿ. ಸ್ಟ್ರಿಪ್ ಮತ್ತು ಬಿಲ್ ಎರಡನ್ನೂ ಎತ್ತಿಟ್ಟುಕೊಂಡು ನಿಮ್ಮ ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ಲಿಖಿತ ದೂರು ಕೊಡಿ.