ನಿಮಗಿದು ಗೊತ್ತೆ? ತಿಪ್ಪೆಯಲ್ಲಿ ದೊರೆತ ಕಾಲುಚೀಲ

ಈಜಿಪ್ಟಿನ ಆಂಟಿನೊಪೊಲಿಸ್ ನಗರದ ಕಸದ ತಿಪ್ಪೆಯೊಂದರಲ್ಲಿ 1913–14ರ ಉತ್ಖನನಕಾಲಕ್ಕೆ ದೊರೆತು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರಕ್ಷಿತವಾಗಿರುವ, ಸುಮಾರು 1700 ವರ್ಷಗಳಷ್ಟು ಪ್ರಾಚೀನವಾದ ಉಣ್ಣೆಯ ಕಾಲುಚೀಲವೊಂದು, ಯಾವುದೋ ಮಗುವಿನ ಎಡಗಾಲಿಗೆಂದು ಹೆಣೆದುದಾದರೂ, ವರ್ಣವೈಭವದಲ್ಲಿ ಯಾವ ರಾಜವಸ್ತ್ರಕ್ಕೂ ಕಡಮೆಯಾದುದಲ್ಲ. ಪಾದವನ್ನು ಬಳಸಿ ಸುತ್ತುವ ಅದರ ಪಟ್ಟೆಗಳ ಏಳು ಛಾಯೆಗಳೂ ಮೂರೇ ಸಸ್ಯಗಳಿಂದ, ಎಂದರೆ ಕೆಂಪು, ನೀಲಿ, ಹಳದಿಗಳನ್ನೀಯುವ ಬೇರು, ಎಲೆ, ಹೂಗಳಿಂದ, ಸಿದ್ಧವಾದುವೆಂಬುದು 2018ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿದುಬಂದಿತು. ಒಂದು ಬಣ್ಣದಲ್ಲಿ ಅದ್ದಿದ ನೂಲನ್ನೇ ಇನ್ನೊಂದರಲ್ಲಿ ಅದ್ದಿ ಮಿಶ್ರವರ್ಣ ತೆಗೆದ ಆ ಬಣ್ಣಗಾರನ ಮಿತವ್ಯಯವನ್ನು ಮೆಚ್ಚಲೇಬೇಕು. ಎರಡು ಕಡ್ಡಿಗಳ ಹೆಣಿಗೆ ಇನ್ನೂ ಬಳಕೆಗೆ ಬಾರದ ಕಾಲವಾದುದರಿಂದ, ಒಂದೇ ಸೂಜಿಯಿಂದ ಕುಣಿಕೆಗೆ ಕುಣಿಕೆ ಸೇರಿಸಿ ಇದನ್ನು ರಚಿಸಿರುವರು. ಹೆಬ್ಬೆರಳಿಗೊಂದು, ಉಳಿದ ನಾಲ್ಕಕ್ಕೊಂದು ಎಂದು ತುದಿಯನ್ನು ಸೀಳಿರುವುದು ಉಂಗುಷ್ಠದ ಚಪ್ಪಲಿ ಮೆಟ್ಟಲು ಅನುಕೂಲವಾಗಲೆಂದು.