ಲೆಕ್ಕಪುಸ್ತಕದಲ್ಲಿ ಬೆಲೆಯಿಲ್ಲದ ಪಾದರಕ್ಷೆ

ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಪಾಕತಜ್ಞೆ ಜೂಲಿಯಾ ಚೈಲ್ಡ್ ಅವರ ಇಡೀ ಅಡುಗೆಮನೆಯೇ ಇದೆ. 1939ರ 'ದಿ ವಿಝರ್ಡ್ ಆಫ್ ಆಝ್' ಚಲನಚಿತ್ರಕ್ಕೆ ಸಿದ್ಧಪಡಿಸಿದ, ನಟಿ ಜೂಡಿ ಗಾರ್ಲೆಂಡ್ ಧರಿಸಿದ ಕೆಂಪು ಪಾದರಕ್ಷೆಗಳೂ ಇವೆ. ಮಾರುಕಟ್ಟೆಯ ಸಾಧಾರಣ ಪಾದರಕ್ಷೆಗೆ ಚಮಕಿಯ ಹೊದಿಕೆ ಹೊಲಿದು ಮಾಡಿದ ಇಂಥ ಹಲವು ಜೊತೆಗಳ ಪೈಕಿ ಒಂದು 1970ರ ಹರಾಜಿನಲ್ಲಿ 15,000 ಡಾಲರಿಗೆ ಮಾರಾಟವಾಯಿತು. ಮಿನ್ನೆಸೋಟದ ವಸ್ತುಸಂಗ್ರಹಾಲಯವೊಂದರಿಂದ 2005ರಲ್ಲಿ ಕಳುವಾದ ಮತ್ತೊಂದು ಜೊತೆಗೆ ಇದ್ದ ವಿಮೆ 10 ಲಕ್ಷ ಡಾಲರ್. 2018ರಲ್ಲಿ ಪತ್ತೆಯಾದ ಅದೇ ಜೊತೆ 2024ರ ಹರಾಜಿನಲ್ಲಿ ಶುಲ್ಕವೂ ಸೇರಿ 3.25 ಕೋಟಿ ಡಾಲರ್ ತಂದಿತು.

ಹಾಗಾದರೆ 1979ರಲ್ಲಿ ಸ್ಮಿತ್ಸೋನಿಯನ್ನಿಗೆ ದಾನವಾಗಿ ಬಂದ ಜೊತೆಯ ಪುಸ್ತಕ ಬೆಲೆ ಎಷ್ಟು? ಸಂಸ್ಥೆಯ ಅಢಾವೆ ಪತ್ರಿಕೆಯಲ್ಲಿ ಅದಕ್ಕೆ ಸ್ಥಾನವೇ ಇಲ್ಲ. ಮಾರಾಟಕ್ಕಲ್ಲದೆ ಸಾರ್ವಜನಿಕ ಪ್ರದರ್ಶನಕ್ಕಾಗಿ ಕಾಪಾಡುವ ಸಂಗ್ರಹವನ್ನು ಆಸ್ತಿಯೆಂದು ತೋರಿಸದಿರಲು ಅಮೆರಿಕದ ಲೆಕ್ಕಪದ್ಧತಿಯು ಅವಕಾಶ ನೀಡುತ್ತದೆ. ವರ್ತಕರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಮಾರಲಾಗದ ದಾಸ್ತಾನಿಗೆ ಭಾರಿ ಬೆಲೆ ಬರೆದು ಲಾಭ ತೋರಿಸುವುದಕ್ಕಿಂತ ಇದೇ ಪ್ರಾಮಾಣಿಕವಾದ ಕ್ರಮ.

ಆಸ್ತಿಯಲ್ಲಿ ಕಾಣಿಸದಿದ್ದರೂ ವೆಚ್ಚದಲ್ಲಿ ಅದು ಕಾಣಿಸಿಕೊಳ್ಳದೆ ಇರದು. ಆ ಚಮಕಿಗಳ ಒಡಲು ಜೆಲಟಿನ್. ಬೆಳಕಿಗೂ ತೇವಕ್ಕೂ ಅವು ತಾಳಲಾರವು, ಕೆಂಪು ಮಾಸತೊಡಗಿತ್ತು. ಅವುಗಳ ಸಂರಕ್ಷಣೆಗೆಂದು 2016ರಲ್ಲಿ ಸಂಸ್ಥೆಯು ಸಾರ್ವಜನಿಕರ ಮುಂದೆ ಕೈಯೊಡ್ಡಿ 3 ಲಕ್ಷ ಡಾಲರಿಗೂ ಅಧಿಕ ಹಣವನ್ನು ಸಂಗ್ರಹಿಸಬೇಕಾಯಿತು.